ಎರಡು ಟರ್ಬೊ ಇದ್ದರೆ ಎರಡು ಪಟ್ಟಾ?

ಕಾರುಗಳ ಬಗ್ಗೆ ಮಾತಾಡುವಾಗ ಕೆಲವು ಪದಗಳಿಗೆ ಮಂತ್ರದ ಶಕ್ತಿ ಬಂದುಬಿಡುತ್ತದೆ. "ಟ್ವಿನ್ ಟರ್ಬೊ" ಅಂಥದ್ದೊಂದು. ಯಾರಾದರೂ "ನಮ್ಮದು ಟ್ವಿನ್ ಟರ್ಬೊ ಕಣ್ರೀ" ಅಂದರೆ ಸಾಕು, ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಎರಡು ಇದೆ ಅಂದ ಮೇಲೆ ಒಂದಕ್ಕಿಂತ ಜೋರೇ ಇರಬೇಕಲ್ಲ! ಒಂಟೆತ್ತಿನ ಗಾಡಿಗಿಂತ ಜೋಡೆತ್ತಿನ ಗಾಡಿ ಹೆಚ್ಚು ಎಳೆಯುತ್ತದೆ ಅನ್ನೋ ಲೆಕ್ಕ.

ನನ್ನ ತಕರಾರು ಇರುವುದೇ ಈ ಲೆಕ್ಕದ ಮೇಲೆ. ಟ್ವಿನ್ ಟರ್ಬೊ ಅನ್ನುವ ಪದ ಒಂದು ಕಾರಿನ ಬಗ್ಗೆ ಹೆಚ್ಚುಕಮ್ಮಿ ಏನನ್ನೂ ಹೇಳುವುದಿಲ್ಲ. ಎರಡು ಟರ್ಬೊಗಳನ್ನು ಜೋಡಿಸಲು ಮುಖ್ಯವಾಗಿ ಮೂರು ಕ್ರಮಗಳಿವೆ. ಮೂರರ ಉದ್ದೇಶವೂ ಬೇರೆ, ಓಡಿಸುವಾಗ ಸಿಗುವ ಅನುಭವವೂ ಬೇರೆ, ಕೆಟ್ಟರೆ ಕೆಡುವ ರೀತಿಯೂ ಬೇರೆ. ಮೂರಕ್ಕೂ ಒಂದೇ ಹೆಸರಿಟ್ಟು ಮಾರುತ್ತಾರೆ, ನಾವೂ ಒಂದೇ ಹೆಸರಿನಲ್ಲಿ ಕೊಳ್ಳುತ್ತೇವೆ. ನಮ್ಮ ಕನ್ನಡ ಪತ್ರಿಕೆಗಳ ವಾಹನ ಪುಟಗಳಲ್ಲೂ "ಟ್ವಿನ್ ಟರ್ಬೊದ ಶಕ್ತಿಶಾಲಿ ಇಂಜಿನ್" ಅಂತ ಒಂದು ಸಾಲು ಬರೆದು ಮುಂದೆ ಸೀಟಿನ ಚರ್ಮದ ಬಣ್ಣಕ್ಕೆ ಹೋಗಿಬಿಡುವುದೇ ಹೆಚ್ಚು. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಚಹಾ ಮಾಡಿಕೊಂಡು ಬಂದು ಕೂತುಕೊಳ್ಳಿ.

ಟರ್ಬೊ ಅಂದ್ರೆ...

(ಗೊತ್ತಿರುವವರು ಈ ಭಾಗ ಹಾರಿಸಬಹುದು :-))

ಇಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಈ ದಂಡವಾಗಿ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನ್ನಿಗೇ ವಾಪಸ್ ತುಂಬಿದರೆ ಹೇಗೆ ಅಂತ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಯೋಚಿಸಿದ. 1905ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಹೊಗೆಯಿಂದ ತಿರುಗುವುದು ಟರ್ಬೈನ್, ಗಾಳಿ ಒತ್ತುವುದು ಕಂಪ್ರೆಸರ್, ನಡುವೆ ಗೇಣುದ್ದವೂ ಇಲ್ಲದ ಒಂದು ಶಾಫ್ಟ್. ಇಷ್ಟೇ ಟರ್ಬೊ. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನ ಸುಡಬಹುದು, ಹೆಚ್ಚು ಇಂಧನ ಸುಟ್ಟರೆ ಹೆಚ್ಚು ಶಕ್ತಿ.

ಹೇಳುವಷ್ಟು ಸುಲಭ ಅಲ್ಲ ಬಿಡಿ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗಬೇಕು, ಚಿಕ್ಕವಾದರೆ ಎರಡು ಲಕ್ಷದ ಹತ್ತಿರ. ಡೀಸೆಲ್ ಇಂಜಿನ್ನಿನಲ್ಲಿ ಹೊಗೆಯ ಬಿಸಿ 800 ಡಿಗ್ರಿ ದಾಟುತ್ತದೆ, ಪೆಟ್ರೋಲಿನಲ್ಲಿ 1000 ಡಿಗ್ರಿ ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ, ಅಷ್ಟು ವೇಗದಲ್ಲಿ, ತೆಳ್ಳಗಿನ ಎಣ್ಣೆಯ ಪದರದ ಮೇಲೆ ತೇಲುತ್ತಾ ವರ್ಷಗಟ್ಟಲೆ ತಿರುಗಬೇಕು. ಟರ್ಬೊ ಇರುವ ಗಾಡಿಗೆ ಎಣ್ಣೆ ಬದಲಿಸುವುದರಲ್ಲಿ ಸೋಮಾರಿತನ ಮಾಡಬೇಡಿ ಅಂತ ಮೆಕ್ಯಾನಿಕ್‌ಗಳು ಬೈಯುವುದು ಇದಕ್ಕೇ.

ಮುಖ್ಯ ತೊಂದರೆ ಇರುವುದು ಚಕ್ರದ ಅಳತೆಯಲ್ಲಿ. ದೊಡ್ಡ ಚಕ್ರ ಹಾಕಿದರೆ ಇಂಜಿನ್ ಜೋರಾಗಿ ತಿರುಗುವಾಗ ಬೇಕಾದಷ್ಟು ಗಾಳಿ ಕೊಡುತ್ತದೆ. ಆದರೆ ನಿಧಾನಕ್ಕೆ ಹೋಗುವಾಗ ಹೊಗೆ ಕಡಿಮೆ, ಆ ಚಕ್ರ ಅಲ್ಲಾಡುವುದೇ ಇಲ್ಲ. ನೀವು ಆಕ್ಸಿಲರೇಟರ್ ಒತ್ತುತ್ತೀರಿ, ಏನೂ ಆಗುವುದಿಲ್ಲ, ಒಂದೆರಡು ಸೆಕೆಂಡ್ ಬಿಟ್ಟು ಯಾರೋ ಹಿಂದಿನಿಂದ ದಬ್ಬಿದ ಹಾಗೆ ಗಾಡಿ ನುಗ್ಗುತ್ತದೆ. ಇದೇ ಟರ್ಬೊ ಲ್ಯಾಗ್. ಚಿಕ್ಕ ಚಕ್ರ ಹಾಕಿದರೆ ಬೇಗ ತಿರುಗುತ್ತದೆ, ಆದರೆ ಮೇಲಿನ ವೇಗದಲ್ಲಿ ಗಂಟಲು ಕಟ್ಟಿದ ಹಾಗೆ ಆಗುತ್ತದೆ. ದೊಡ್ಡದು ಹಾಕಿದರೆ ಕೆಳಗೆ ಸೋಲು, ಚಿಕ್ಕದು ಹಾಕಿದರೆ ಮೇಲೆ ಸೋಲು. ಎರಡು ಟರ್ಬೊಗಳ ಕಥೆ ಹುಟ್ಟಿದ್ದು ಈ ಪೇಚಾಟದಿಂದ.

ಮೂರು ಜೋಡಣೆ, ಮೂರು ಪಂಪ್‌ಸೆಟ್

ಊರ ಕಡೆ ಪಂಪ್‌ಸೆಟ್ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಒಂದೇ ಬಾವಿಗೆ ಎರಡು ಪಂಪು ಅಕ್ಕಪಕ್ಕ ಕೂರಿಸಿ ಎರಡನ್ನೂ ಒಟ್ಟಿಗೆ ಓಡಿಸಿದರೆ ನೀರಿನ ಪ್ರಮಾಣ ಹೆಚ್ಚುತ್ತದೆ. ಇದು ಮೊದಲನೆಯದು, ಪ್ಯಾರಲಲ್. ಅದೇ ಎರಡು ಪಂಪಿನಲ್ಲಿ ಒಂದನ್ನು ಯಾವಾಗಲೂ ಓಡಿಸಿ, ಅದೊಂದೇ ಸಾಲದಾದಾಗ ಮಾತ್ರ ಎರಡನೆಯದರ ಸ್ವಿಚ್ ಹಾಕಿದರೆ ಅದು ಎರಡನೆಯದು, ಸೀಕ್ವೆನ್ಷಿಯಲ್, ಅಂದರೆ ಸರದಿಯದು. ಕೆಳಗಿನ ಹಳ್ಳದಿಂದ ಒಂದು ಪಂಪು ಗುಡ್ಡದ ಅರ್ಧಕ್ಕೆ ನೀರೆತ್ತಿ, ಅಲ್ಲಿಂದ ಇನ್ನೊಂದು ಪಂಪು ನೆತ್ತಿಗೆ ಎತ್ತಿದರೆ ಮೂರನೆಯದು, ಒಂದರ ಬೆನ್ನಿಗೆ ಒಂದು. ಇದಕ್ಕೆ ಟೂ-ಸ್ಟೇಜ್ ಅನ್ನುತ್ತಾರೆ, ನಾವು ಎರಡು ಹಂತದ್ದು ಅನ್ನೋಣ. ಇಲ್ಲಿ ನೀರಿನ ಪ್ರಮಾಣಕ್ಕಿಂತ ಅದು ಏರುವ ಎತ್ತರ ಮುಖ್ಯ.

ಮೂರಲ್ಲೂ ಪಂಪು ಎರಡೇ. ಆದರೆ ಬಾವಿಗೆ ಕೂರಿಸುವ ಜೋಡಿಯನ್ನು ಗುಡ್ಡಕ್ಕೆ ಕೂರಿಸುವ ಜೋಡಿಗೆ ಹೋಲಿಸಿ "ಯಾವುದು ಹೆಚ್ಚು?" ಅಂತ ಯಾವ ರೈತನೂ ಕೇಳುವುದಿಲ್ಲ. ಕಾರಿನಲ್ಲಿ ಮಾತ್ರ ಕೇಳುತ್ತೇವೆ!

ಮೊದಲನೆಯದು: ಅಕ್ಕಪಕ್ಕದ ಜೋಡಿ

ಇದು ಅತಿ ಸರಳ, ಅತಿ ಸಾಮಾನ್ಯ. ಆರು ಸಿಲಿಂಡರಿನ ಇಂಜಿನ್ ಆದರೆ ಮೂರು ಸಿಲಿಂಡರಿನ ಹೊಗೆ ಒಂದು ಟರ್ಬೊಗೆ, ಇನ್ನು ಮೂರರದ್ದು ಇನ್ನೊಂದಕ್ಕೆ. ಎರಡೂ ಒಂದೇ ಅಳತೆ, ಎರಡೂ ಒಟ್ಟಿಗೆ ಕೆಲಸ ಶುರು ಮಾಡುತ್ತವೆ, ಒಟ್ಟಿಗೆ ನಿಲ್ಲಿಸುತ್ತವೆ. 1981ರ ಕೊನೆಗೆ ಇಟಲಿಯ ಮಸೆರಾಟಿ ಕಂಪನಿ ಹೊರತಂದ ಕಾರಿಗೆ ಹೆಸರೇ "ಬಿಟುರ್ಬೊ", ಅಂದರೆ ಎರಡು ಟರ್ಬೊ. ಸಾಮಾನ್ಯ ಮಾರಾಟಕ್ಕೆ ಬಂದ ಕಾರುಗಳಲ್ಲಿ ಎರಡು ಟರ್ಬೊ ಇದ್ದದ್ದು ಅದರಲ್ಲೇ ಮೊದಲು. 2 ಲೀಟರಿನ ವಿ6 ಇಂಜಿನ್. 2 ಲೀಟರೇ ಯಾಕೆ? ಇಟಲಿಯಲ್ಲಿ ಆಗ 2000 ಸಿಸಿ ದಾಟಿದರೆ ತೆರಿಗೆ ವಿಪರೀತ. ಇಂಜಿನ್ ಅಳತೆ ನೋಡಿ ತೆರಿಗೆ ಹಾಕುವ ಬುದ್ಧಿ ನಮ್ಮ ಸರ್ಕಾರಕ್ಕೆ ಮಾತ್ರ ಇರುವುದಲ್ಲ ನೋಡಿ.

ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ (1989) ಇಂಜಿನ್ ಕೂಡ ಇದೇ ಬಗೆ. 2007ರಲ್ಲಿ ಬಂದ ಜಿಟಿ-ಆರ್ ಕೂಡ.

ಸರಿ, ಒಂದು ದೊಡ್ಡದರ ಬದಲು ಎರಡು ಚಿಕ್ಕದು ಹಾಕಿದರೆ ನಿಜಕ್ಕೂ ಎಷ್ಟು ಲಾಭ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದೇ ಆಕಾರದ ಚಕ್ರಗಳಾದರೆ ತಿರುಗುವುದಕ್ಕೆ ಅವು ಒಡ್ಡುವ ಜಡತ್ವ ವ್ಯಾಸದ ಐದನೇ ಘಾತದಂತೆ ಏರುತ್ತದೆ. ಅಂದರೆ ವ್ಯಾಸ ಅರ್ಧ ಮಾಡಿದರೆ ಜಡತ್ವ 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಕೇಳಿದರೆ ರೋಮಾಂಚನ ಆಗುತ್ತದೆ. ಈಗ 60 ಮಿಲಿಮೀಟರಿನ ಒಂದು ಚಕ್ರದ ಬದಲು ಅಷ್ಟೇ ಗಾಳಿ ಕೊಡುವ ಎರಡು ಚಿಕ್ಕ ಚಕ್ರ ಬೇಕು ಅಂದರೆ ಒಂದೊಂದೂ ಸುಮಾರು 42 ಮಿಲಿಮೀಟರ್ ಆಗುತ್ತದೆ. ಒಂದೊಂದರ ಜಡತ್ವ ದೊಡ್ಡದರ ಆರನೇ ಒಂದು ಪಾಲು, ಎರಡೂ ಸೇರಿದರೆ ಮೂರನೇ ಒಂದು. ಭಲೇ!

ಆದರೆ ಸ್ವಲ್ಪ ತಾಳಿ. ಚಿಕ್ಕ ಚಕ್ರ ಅದೇ ಒತ್ತಡ ಕೊಡಬೇಕಾದರೆ ಇನ್ನೂ ಜೋರಾಗಿ ತಿರುಗಬೇಕು. ದೊಡ್ಡದಕ್ಕೆ ನಿಮಿಷಕ್ಕೆ 1,40,000 ಸುತ್ತು ಸಾಕಾದರೆ ಚಿಕ್ಕದಕ್ಕೆ ಹೆಚ್ಚುಕಮ್ಮಿ 2,00,000 ಸುತ್ತು ಬೇಕು. ಮೇಲಾಗಿ ಒಂದೊಂದಕ್ಕೂ ಸಿಗುವುದು ಅರ್ಧ ಹೊಗೆ. ಎಲ್ಲ ಕೂಡಿ ಕಳೆದರೆ ವೇಗಕ್ಕೆ ಬರಲು ಬೇಕಾದ ಸಮಯದಲ್ಲಿ ಆಗುವ ಉಳಿತಾಯ ನೂರಕ್ಕೆ ಮೂವತ್ತರ ಆಸುಪಾಸು. ಚಕ್ರ ಚಿಕ್ಕದಾದಷ್ಟೂ ಅಂಚಿನ ಸಂದಿಯಲ್ಲಿ ಸೋರುವ ಪಾಲು ಹೆಚ್ಚು, ಅದರಿಂದ ಈ ಮೂವತ್ತರಲ್ಲೂ ಸ್ವಲ್ಪ ಹೋಗುತ್ತದೆ. ಲಾಭ ಇದೆ, ಸುಳ್ಳಲ್ಲ. ಆದರೆ ಎರಡು ಪಟ್ಟು ಎಲ್ಲಿ ಬಂತು?

ಪ್ಯಾರಲಲ್ ಜೋಡಿಗೆ ನಿಜವಾದ ಸಮರ್ಥನೆ ಇರುವುದು ವಿ ಆಕಾರದ ಇಂಜಿನ್‌ಗಳಲ್ಲಿ. ಅಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಎಡಕ್ಕೆ ಬಲಕ್ಕೆ ವಾಲಿಕೊಂಡಿರುತ್ತವೆ. ಎರಡೂ ಕಡೆಯ ಹೊಗೆಯನ್ನು ಒಂದೇ ಟರ್ಬೊಗೆ ತರಬೇಕಾದರೆ ಉದ್ದ ಕೊಳವೆ ಸುತ್ತಿಸಬೇಕು, ದಾರಿಯಲ್ಲೇ ಬಿಸಿಯೂ ರಭಸವೂ ಸೋರಿಹೋಗುತ್ತದೆ. ಅದರ ಬದಲು ಆ ಕಡೆಗೊಂದು ಈ ಕಡೆಗೊಂದು ಇಟ್ಟರೆ ಕೆಲಸ ಸಲೀಸು. 2008ರಲ್ಲಿ ಬಿಎಂಡಬ್ಲ್ಯು ತನ್ನ 4.4 ಲೀಟರ್ ವಿ8ರಲ್ಲಿ ಟರ್ಬೊಗಳನ್ನು ಹೊರಗಿಡದೆ ವಿ ಅಕ್ಷರದ ಸಂದಿಯೊಳಗೇ ಕೂರಿಸಿ ಕೊಳವೆಯನ್ನು ಇನ್ನಷ್ಟು ಮೊಟಕು ಮಾಡಿತು. ಇಲ್ಲಿ ಎರಡು ಅನ್ನುವುದು ಇಂಜಿನ್ನಿನ ಮೈಕಟ್ಟಿನಿಂದಲೇ ಬಂದದ್ದು, ಜಾಹೀರಾತಿನವರು ಹುಟ್ಟಿಸಿದ್ದಲ್ಲ.

ರೇಸಿನಲ್ಲೂ ಎರಡು ಟರ್ಬೊ ಕೆಲಸಕ್ಕೆ ಬಂದ ಕಾಲ ಇತ್ತು. 1977ರಲ್ಲಿ ಫಾರ್ಮುಲಾ ಒನ್‌ಗೆ ಮೊದಲ ಟರ್ಬೊ ಕಾರು ತಂದ ರೆನೋ ತಂಡ ವಿ6 ಇಂಜಿನ್ನಿಗೆ ಒಂದೇ ದೊಡ್ಡ ಟರ್ಬೊ ಹಾಕಿತ್ತು. ಲ್ಯಾಗ್ ವಿಪರೀತ. ಮೇಲಿಂದ ಮೇಲೆ ಹೊಗೆ ಉಗುಳಿ ನಿಲ್ಲುತ್ತಿದ್ದ ಆ ಹಳದಿ ಕಾರಿಗೆ ಇಂಗ್ಲಿಷರು ಹಳದಿ ಟೀಪಾಟ್ ಅಂತ ಹೆಸರಿಟ್ಟು ನಗಾಡಿದರು. 1979ರಲ್ಲಿ ಸಾಲಿಗೊಂದರಂತೆ ಎರಡು ಚಿಕ್ಕ ಟರ್ಬೊ ಹಾಕಿದರು. ಅದೇ ಜುಲೈ 1ರಂದು ಡಿಜೋನ್‌ನಲ್ಲಿ ನಡೆದ ಫ್ರೆಂಚ್ ಗ್ರಾನ್ ಪ್ರೀ ಗೆದ್ದರು. ಟರ್ಬೊ ಕಾರಿಗೆ ಅದು ಮೊದಲ ಗೆಲುವು. ನಗಾಡಿದವರೆಲ್ಲ ಕೆಲವೇ ವರ್ಷದಲ್ಲಿ ತಾವೂ ಟರ್ಬೊ ಹಾಕಿಕೊಂಡರು.

ಎರಡನೆಯದು: ಸರದಿಯ ಜೋಡಿ

ನನಗೆ ಅತಿ ಇಷ್ಟವಾದದ್ದು ಇದು, ಅತಿ ತಾಪತ್ರಯದ್ದೂ ಇದೇ.

ಉಪಾಯ ಹೀಗೆ. ಇಂಜಿನ್ ನಿಧಾನಕ್ಕೆ ತಿರುಗುವಾಗ ಆರೂ ಸಿಲಿಂಡರಿನ ಹೊಗೆಯನ್ನು ಒಂದೇ ಟರ್ಬೊಗೆ ಕೊಡು. ಅದು ಬೇಗ ಎದ್ದು ಕೆಲಸ ಶುರು ಮಾಡುತ್ತದೆ. ಇಂಜಿನ್ ವೇಗ ಹೆಚ್ಚಿ ಹೊಗೆ ಹೆಚ್ಚಾದಾಗ ಎರಡನೆಯದರ ಬಾಗಿಲು ತೆರೆ. ಅಲ್ಲಿಂದ ಮುಂದೆ ಎರಡೂ ಜೊತೆಯಾಗಿ. ಪೋರ್ಷೆ 959 (1986), ಮಾಜ್ದಾ ಆರ್‌ಎಕ್ಸ್-7ನ ಮೂರನೇ ತಲೆಮಾರು (1991), ಟೊಯೊಟಾ ಸುಪ್ರಾದ ನಾಲ್ಕನೇ ತಲೆಮಾರು (1993), ಇವೆಲ್ಲ ಈ ಕುಲದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಲ್ಲೂ ಇದೆ: ಸೀಕ್ವೆನ್ಷಿಯಲ್ ಅಂದರೆ ಒಂದು ಚಿಕ್ಕದು ಒಂದು ದೊಡ್ಡದು ಇರಲೇಬೇಕು ಅನ್ನುವುದು. ಸುಪ್ರಾದ 3 ಲೀಟರ್ ಇಂಜಿನ್ನಿನಲ್ಲಿ ಎರಡೂ ಒಂದೇ ಅಳತೆ. ಜಾಣತನ ಇರುವುದು ಅಳತೆಯಲ್ಲಲ್ಲ, ಬಾಗಿಲುಗಳಲ್ಲಿ. 1800 ಆರ್‌ಪಿಎಂನಿಂದಲೇ ಮೊದಲನೆಯದು ಒತ್ತಡ ಕೊಡಲು ಶುರು ಮಾಡುತ್ತದೆ. 4000ದ ಹತ್ತಿರ ಸ್ವಲ್ಪ ಹೊಗೆಯನ್ನು ಎರಡನೆಯದಕ್ಕೆ ಬಿಟ್ಟು ಅದನ್ನು ಸುಮ್ಮನೆ ತಿರುಗಿಸಿ ತಯಾರು ಮಾಡುತ್ತಾರೆ, ಅದರ ಗಾಳಿ ಇನ್ನೂ ಇಂಜಿನ್ನಿಗೆ ಹೋಗುವುದಿಲ್ಲ. ಅದು ವೇಗ ಹಿಡಿದ ಮೇಲೆ ಅದರ ಗಾಳಿಯ ಬಾಗಿಲೂ ತೆರೆಯುತ್ತದೆ. ರಿಲೇ ಓಟದಲ್ಲಿ ಬ್ಯಾಟನ್ ತೆಗೆದುಕೊಳ್ಳುವವನು ನಿಂತಲ್ಲೇ ನಿಂತಿರದೆ ಮೊದಲೇ ಓಡಲು ಶುರು ಮಾಡುತ್ತಾನಲ್ಲ, ಹಾಗೆ.

ಬ್ಯಾಟನ್ ಕೈತಪ್ಪಿದರೆ? ಅದೂ ಆಗಿದೆ. ಸುಬಾರು ಲೆಗಸಿಯ ಜಪಾನ್ ಮಾದರಿಗಳಲ್ಲಿ ಈ ಹಸ್ತಾಂತರದ ಹೊತ್ತಿಗೆ, 4000 ಆರ್‌ಪಿಎಂ ದಾಟುವಲ್ಲಿ, ಎಳೆತ ಕುಸಿದುಬಿಡುತ್ತಿತ್ತು. ಅದರ ಅಭಿಮಾನಿಗಳೇ ಅದಕ್ಕೆ "ಸಾವಿನ ಕಣಿವೆ" ಅಂತ ಹೆಸರಿಟ್ಟಿದ್ದರು!

ಇನ್ನು ಆರ್‌ಎಕ್ಸ್-7. ಅದರ ಬಾನೆಟ್ ತೆಗೆದು ನೋಡಿದ ಯಾರೂ ಮರೆಯುವುದಿಲ್ಲ. ಈ ಬಾಗಿಲುಗಳನ್ನೆಲ್ಲ ಆಡಿಸುವುದು ವ್ಯಾಕ್ಯೂಮ್ ಒತ್ತಡದಿಂದ, ಅದಕ್ಕೆ ಡಜನ್‌ಗಟ್ಟಲೆ ರಬ್ಬರ್ ಕೊಳವೆಗಳು, ಇಂಜಿನ್ ಮೇಲೆ ಗೀಜಗನ ಗೂಡು ಕಟ್ಟಿದ ಹಾಗೆ. ಎಷ್ಟೋ ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಬಿರುಕು ಬಿಡುತ್ತದೆ. ಯಾವ ಕೊಳವೆ ಸೋರುತ್ತಿದೆ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಕೊನೆಗೆ ಆ ಕಾರಿನ ಪ್ರೇಮಿಗಳು ಏನು ಮಾಡಿದರು ಗೊತ್ತಾ? ಬಹಳ ಜನ ಸರದಿಯ ಏರ್ಪಾಡನ್ನೇ ಕಿತ್ತುಹಾಕಿ ಎರಡನ್ನೂ ಒಟ್ಟಿಗೆ ಓಡುವಂತೆ ಮಾಡಿಕೊಂಡರು, ಇನ್ನು ಕೆಲವರು ಎರಡನ್ನೂ ಬಿಸಾಕಿ ಒಂದೇ ದೊಡ್ಡ ಟರ್ಬೊ ಹಾಕಿಕೊಂಡರು. ಸುಪ್ರಾದವರೂ ಅದನ್ನೇ ಮಾಡಿದರು. ಟ್ವಿನ್ ಟರ್ಬೊದ ದಂತಕಥೆ ಅಂತ ನಾವು ಪೋಸ್ಟರ್ ಹಚ್ಚಿಕೊಂಡ ಕಾರುಗಳನ್ನು ಅವುಗಳ ಮಾಲೀಕರೇ ಸಿಂಗಲ್ ಟರ್ಬೊ ಮಾಡಿಕೊಂಡರು ಅನ್ನುವುದು ಎರಡೇ ಮೇಲು ಅನ್ನುವವರು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಮೂರನೆಯದು: ಗುಡ್ಡ ಹತ್ತುವ ಜೋಡಿ

ಇದರಲ್ಲಿ ನಿಜಕ್ಕೂ ಒಂದು ಚಿಕ್ಕದು, ಒಂದು ದೊಡ್ಡದು. ಹೊಗೆ ಮೊದಲು ಚಿಕ್ಕದರ ಮೂಲಕ ಹಾದು ಆಮೇಲೆ ದೊಡ್ಡದಕ್ಕೆ ಹೋಗುತ್ತದೆ. ಗಾಳಿಯ ದಾರಿ ಇದರ ಉಲ್ಟಾ: ಮೊದಲು ದೊಡ್ಡದರಲ್ಲಿ ಒಂದು ಸುತ್ತು ಒತ್ತಿಸಿಕೊಂಡು, ಆಮೇಲೆ ಚಿಕ್ಕದರಲ್ಲಿ ಇನ್ನೊಮ್ಮೆ ಒತ್ತಿಸಿಕೊಂಡು ಇಂಜಿನ್ನಿಗೆ ಹೋಗುತ್ತದೆ. ಪ್ಯಾರಲಲ್‌ನಲ್ಲಿ ಗಾಳಿಯ ಪ್ರಮಾಣ ಕೂಡುತ್ತದೆ, ಇಲ್ಲಿ ಒತ್ತಡ ಗುಣಿಸುತ್ತದೆ. ಮೊದಲನೆಯದು ಒತ್ತಡವನ್ನು ಎರಡು ಪಟ್ಟು ಮಾಡಿ, ಎರಡನೆಯದು ಅದನ್ನು ಮತ್ತೆ ಎರಡು ಪಟ್ಟು ಮಾಡಿದರೆ ಒಟ್ಟು ನಾಲ್ಕು ಪಟ್ಟು. ಒಂದೇ ಟರ್ಬೊದಿಂದ ನಾಲ್ಕು ಪಟ್ಟು ಒತ್ತಡ ತೆಗೆಯುವುದು ಮಹಾ ಕಷ್ಟ, ಎರಡಕ್ಕೆ ಹಂಚಿದರೆ ಎರಡೂ ನೆಮ್ಮದಿಯಿಂದ ಮಾಡುತ್ತವೆ.

ಇಂಜಿನ್ ನಿಧಾನ ಇರುವಾಗ ಬಹುಪಾಲು ಕೆಲಸ ಚಿಕ್ಕದರದ್ದು. ನಡುವಿನಲ್ಲಿ ಎರಡರದ್ದೂ. ಮೇಲಿನ ವೇಗದಲ್ಲಿ ಚಿಕ್ಕದನ್ನು ಬಳಸಿ ಹೋಗುವ ಬೈಪಾಸ್ ಬಾಗಿಲು ಪೂರ್ತಿ ತೆರೆದು ದೊಡ್ಡದೊಂದೇ ದುಡಿಯುತ್ತದೆ. 2004ರಲ್ಲಿ ಬಿಎಂಡಬ್ಲ್ಯು 535ಡಿ ಕಾರಿನಲ್ಲಿ ಇದು ಬಂತು. 3 ಲೀಟರ್ ಡೀಸೆಲ್, 272 ಅಶ್ವಶಕ್ತಿ, 2000 ಆರ್‌ಪಿಎಂನಲ್ಲೇ 560 ನ್ಯೂಟನ್ ಮೀಟರ್ ಟಾರ್ಕ್. ಅದೇ ಕಾಲದ, ಅಷ್ಟೇ ಲೀಟರಿನ, ಒಂದೇ ಟರ್ಬೊದ 530ಡಿಯಲ್ಲಿ 218 ಅಶ್ವಶಕ್ತಿ. ಹೆಚ್ಚಳ ಕಾಲು ಭಾಗದಷ್ಟು. ಇದು ಒಳ್ಳೆಯ ಹೆಚ್ಚಳವೇ, ಆದರೆ ಇಲ್ಲೂ ದುಪ್ಪಟ್ಟು ಅಲ್ಲ ನೋಡಿ.

ಇದು ಡೀಸೆಲ್‌ಗೆ ಹೇಳಿ ಮಾಡಿಸಿದ್ದು. ಡೀಸೆಲ್ ಎಷ್ಟು ಒತ್ತಡದ ಗಾಳಿ ಕೊಟ್ಟರೂ ತಿಂದು ಅರಗಿಸಿಕೊಳ್ಳುತ್ತದೆ. ಪೆಟ್ರೋಲಿಗೆ ಅಷ್ಟು ಒತ್ತಡ ಕೊಟ್ಟರೆ ಸ್ಪಾರ್ಕ್ ಬರುವ ಮೊದಲೇ ತಾನಾಗಿ ಹೊತ್ತಿಕೊಂಡು ಇಂಜಿನ್ ಬಡಿದುಕೊಳ್ಳುತ್ತದೆ. ಎತ್ತರದ ಜಾಗಗಳಲ್ಲೂ ಇದರ ಉಪಯೋಗ ಕಾಣುತ್ತದೆ. ಲೇಹ್‌ನಂಥ ಕಡೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು ಮಾತ್ರ. ಆ ಕೊರತೆ ತುಂಬಲು ಒಂದೇ ಟರ್ಬೊ ಏದುಸಿರು ಬಿಡುತ್ತದೆ, ಎರಡು ಹಂತದ್ದಕ್ಕೆ ಇನ್ನೂ ದಮ್ ಇರುತ್ತದೆ.

ಯಾಕಿಷ್ಟು ತಲೆಬಿಸಿ?

"ಇದೆಲ್ಲ ಇಂಜಿನಿಯರುಗಳ ತಲೆನೋವು, ಓಡಿಸೋರಿಗೆ ಯಾಕೆ?" ಅಂತ ನೀವು ಕೇಳಬಹುದು. ಹೋದ ವರ್ಷದ ಒಂದು ಪ್ರಸಂಗ ಹೇಳುತ್ತೇನೆ.

ನಮ್ಮ ದೊಡ್ಡಪ್ಪನ ಮಗ ಒಬ್ಬ ಇದ್ದಾನೆ, ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಒಂದು ಹಳೆಯ ದೊಡ್ಡ ಡೀಸೆಲ್ ಗಾಡಿ ಕೊಳ್ಳಬೇಕು ಅಂತ ಬೆಂಗಳೂರಿಗೆ ಬಂದಿದ್ದ. ಮಾರುವವನು, ಹೆಸರು ಬೇಡ ಬಿಡಿ, ಒಂದೇ ವರ್ಷದ ಎರಡು ಗಾಡಿ ತೋರಿಸಿ ಒಂದಕ್ಕೆ ಒಂದೂವರೆ ಲಕ್ಷ ಜಾಸ್ತಿ ಹೇಳಿದ. ಯಾಕಪ್ಪಾ ಅಂದರೆ "ಇದು ಟ್ವಿನ್ ಟರ್ಬೊ ಸಾರ್, ಡಬಲ್ ಪವರ್" ಅಂದ. ಎರಡು ಟರ್ಬೊ ಹೇಗೆ ಜೋಡಿಸಿದ್ದಾರೆ ಅಂತ ನಾನು ಕೇಳಿದೆ. "ಕಂಪನಿ ಫಿಟ್ಟಿಂಗ್ ಸಾರ್" ಅಂದ :-)

ಅಣ್ಣ ನನ್ನ ಪಕ್ಕಕ್ಕೆ ಕರೆದು, "ತಮ್ಮಾ, ಸರಿಯಾಗಿ ಹೇಳು, ಇದರಲ್ಲಿ ಎಂಥದಿದೆ?" ಅಂದ. ಗಾಡಿಯ ವಿವರ ನೋಡಿದರೆ ಅದು ಎರಡು ಹಂತದ್ದು. ನಾನು ಹೇಳಿದೆ: "ಅಣ್ಣ, ನಿನ್ನ ತೋಟದಲ್ಲಿ ಹಳ್ಳದ ಪಂಪು, ಗುಡ್ಡದ ಪಂಪು ಇಲ್ವಾ, ಹಾಗೆ." ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗಿದ್ದಷ್ಟೇ ಅಲ್ಲ, ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದ: "ಹಂಗಾರೆ ಮೇಲಿನ ಪಂಪು ಕೆಟ್ಟಿದ್ರೆ ಕೆಳಗಿನ ತೋಟದಲ್ಲಿ ನಿಂತು ನೋಡಿದ್ರೆ ಗೊತ್ತಾಗದಿಲ್ಲಲ್ಲ?"

ಇಡೀ ವಿಷಯದ ಹೂರಣ ಅದೇ. ಎರಡು ಹಂತದ ಅಥವಾ ಸರದಿಯ ಗಾಡಿಯಲ್ಲಿ ಬಡಾವಣೆಯ ಒಳಗೆ 40ರ ವೇಗದಲ್ಲಿ ಒಂದು ರೌಂಡ್ ಹೊಡೆದರೆ ನೀವು ಪರೀಕ್ಷೆ ಮಾಡುವುದು ಒಂದು ಟರ್ಬೊವನ್ನು ಮಾತ್ರ. ಇನ್ನೊಂದು ಕೆಟ್ಟಿರಲಿ, ಬೈಪಾಸ್ ಬಾಗಿಲು ಮಸಿ ಕಟ್ಟಿ ಅಂಟಿಕೊಂಡಿರಲಿ, ಅಲ್ಲಿ ಗೊತ್ತೇ ಆಗುವುದಿಲ್ಲ. ಪ್ಯಾರಲಲ್ ಆದರೆ ಹಾಗಲ್ಲ, ಒಂದು ಕೆಟ್ಟರೆ ಮೊದಲಿಂದಲೇ ಎಳೆತ ಕುಗ್ಗಿರುತ್ತದೆ. ಹಾಗಾಗಿ ನೈಸ್ ರಸ್ತೆಗೆ ಹೋಗೋಣ ಅಂದೆವು. ಮಾರುವವನು ಟೋಲ್, ಟೈಮು ಅಂತೆಲ್ಲ ಕಾರಣ ಹೇಳಿದ, ಟೋಲ್ ನಾವೇ ಕೊಟ್ಟೆವು. ಅಲ್ಲೊಂದು ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ 2500 ಆರ್‌ಪಿಎಂವರೆಗೆ ಗಾಡಿ ಗೂಳಿಯ ಹಾಗೆ ಹೋಯಿತು, ಆಮೇಲೆ ಉಬ್ಬಸ ಬಂದವರ ಹಾಗೆ. ನಮಗೆ ಪರಿಚಯದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ, ಬೈಪಾಸ್ ಬಾಗಿಲು ಪೂರ್ತಿ ತೆರೆಯುತ್ತಿಲ್ಲ ಅಂದ. ರಿಪೇರಿಗೆ ಅವನು ಹೇಳಿದ ಅಂದಾಜು ಆ ಹೆಚ್ಚುವರಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿತ್ತು. ಅಣ್ಣ ಒಂದೇ ಟರ್ಬೊದ ಗಾಡಿ ತೆಗೆದುಕೊಂಡು ಊರಿಗೆ ಹೋದ. ಆಗುಂಬೆ ಘಾಟಿಯಲ್ಲಿ ಅದು ಆರಾಮಾಗಿ ಓಡಾಡಿಕೊಂಡಿದೆ.

ಇದನ್ನು ಹೇಳಿದ್ದು ಎರಡು ಹಂತದ್ದು ಕೆಟ್ಟದು ಅಂತಲ್ಲ. ಸರಿಯಾಗಿದ್ದಾಗ ಅದೇ ಉತ್ತಮ. ಆದರೆ ಕೊಳ್ಳುವವನಿಗೆ ಹೆಸರು ಮಾತ್ರ ಗೊತ್ತಿದ್ದು ಕೆಲಸ ಗೊತ್ತಿಲ್ಲದಿದ್ದರೆ ಆ ಹೆಸರೇ ಅವನ ಜೇಬಿಗೆ ಕತ್ತರಿ.

ಹೆಸರಿನ ಆಟ

ಹೆಸರಿನ ವಿಷಯ ಬಂದಾಗ ಬಿಎಂಡಬ್ಲ್ಯು ಬಗ್ಗೆ ಹೇಳಲೇಬೇಕು. 2006ರಲ್ಲಿ 335ಐ ಕಾರಿಗೆ ಅವರು 3 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್ ಕೊಟ್ಟರು, ಎರಡು ಚಿಕ್ಕ ಟರ್ಬೊ, ಪ್ಯಾರಲಲ್. 306 ಅಶ್ವಶಕ್ತಿ, 1300 ಆರ್‌ಪಿಎಂನಿಂದ 400 ನ್ಯೂಟನ್ ಮೀಟರ್. ಮೂರೇ ವರ್ಷದ ಮೇಲೆ, 2009ರಲ್ಲಿ, ಆ ಇಂಜಿನ್ನಿನ ಜಾಗಕ್ಕೆ ಇನ್ನೊಂದು ತಂದರು. ಇದರಲ್ಲಿ ಟರ್ಬೊ ಒಂದೇ! ಶಕ್ತಿ? ಅದೇ 306. ಟಾರ್ಕ್? ಅದೇ 400, ಅದೂ 1200 ಆರ್‌ಪಿಎಂನಿಂದ, ಅಂದರೆ ಇನ್ನೂ ಸ್ವಲ್ಪ ಬೇಗ.

ಹೇಗೆ ಸಾಧ್ಯವಾಯಿತು? ಸಾಲಾಗಿ ಆರು ಸಿಲಿಂಡರ್ ಇರುವ ಇಂಜಿನ್ 1-5-3-6-2-4 ಕ್ರಮದಲ್ಲಿ ಉರಿಯುತ್ತದೆ. ಗಮನಿಸಿ: ಮುಂದಿನ ಮೂರರದ್ದೊಂದು, ಹಿಂದಿನ ಮೂರರದ್ದೊಂದು, ಹೀಗೆ ಪಾಳಿ. ಮುಂದಿನ ಮೂರರ ಹೊಗೆಗೆ ಒಂದು ದಾರಿ, ಹಿಂದಿನ ಮೂರಕ್ಕೆ ಇನ್ನೊಂದು ದಾರಿ ಮಾಡಿ ಟರ್ಬೈನ್ ಚಕ್ರದವರೆಗೂ ಬೇರೆ ಬೇರೆಯಾಗಿಯೇ ತಂದರೆ ಒಬ್ಬರ ಹೊಗೆ ಇನ್ನೊಬ್ಬರ ಹೊಗೆಗೆ ಅಡ್ಡ ಬರುವುದಿಲ್ಲ, ಪ್ರತಿ ಉಸಿರಿನ ಹೊಡೆತವೂ ಚಕ್ರಕ್ಕೆ ಪೂರ್ತಿ ತಾಗುತ್ತದೆ. ಒಂದೇ ಟರ್ಬೊ, ಒಳಗೆ ಎರಡು ಓಣಿ. ಇದಕ್ಕೆ ಟ್ವಿನ್ ಸ್ಕ್ರೋಲ್ ಅನ್ನುತ್ತಾರೆ. ಎರಡು ಟರ್ಬೊದಿಂದ ಸಿಗುತ್ತಿದ್ದ ಲಾಭದ ದೊಡ್ಡ ಪಾಲು ಒಂದರಲ್ಲೇ ಸಿಕ್ಕಿತು. ಇಂಜಿನಿಯರುಗಳಿಗೆ ನನ್ನ ದೊಡ್ಡ ನಮಸ್ಕಾರ.

ಆದರೆ ಮಾರ್ಕೆಟಿಂಗ್ ಮಂದಿ ಇದಕ್ಕೆ ಇಟ್ಟ ಹೆಸರು "ಟ್ವಿನ್‌ಪವರ್ ಟರ್ಬೊ". ಇಂಜಿನ್ ಮುಚ್ಚಳದ ಮೇಲೆ ಇದನ್ನು ಓದಿದವನು ಎರಡು ಟರ್ಬೊ ಇದೆ ಅಂದುಕೊಂಡರೆ ಅವನದೇನು ತಪ್ಪು? ಇದೇ ಹೆಸರನ್ನು ಎರಡು ಟರ್ಬೊ ಇರುವ ಇಂಜಿನ್‌ಗಳಿಗೂ ಇಟ್ಟರು. ಒಂದಿದ್ದರೂ ಟ್ವಿನ್, ಎರಡಿದ್ದರೂ ಟ್ವಿನ್. ಕಾನೂನಿನ ಲೆಕ್ಕದಲ್ಲಿ ಸುಳ್ಳಲ್ಲದಿರಬಹುದು, ಆದರೆ ನೇರ ಮಾತಂತೂ ಅಲ್ಲ. ಒಂದೇ ಟರ್ಬೊದಿಂದ ಎರಡರ ಕೆಲಸ ತೆಗೆದದ್ದು ಎದೆತಟ್ಟಿ ಹೇಳಿಕೊಳ್ಳುವ ಸಾಧನೆ. ಅದನ್ನು ಹೇಳಿಕೊಳ್ಳದೆ "ಟ್ವಿನ್" ಅನ್ನುವ ಪದದ ಹಿಂದೆ ಅಡಗಿಸಿದ್ದು ನನಗೆ ಬೇಸರ. ಜನರಿಗೆ ಅರ್ಥವಾಗುವುದಿಲ್ಲ ಅನ್ನುವ ತಾತ್ಸಾರ ಅದರಲ್ಲಿದೆ.

ಇನ್ನೊಂದು ತಮಾಷೆ ನೋಡಿ. ಟ್ವಿನ್ ಟರ್ಬೊ ಅಂದರೆ ಸುಪ್ರಾ, ಸುಪ್ರಾ ಅಂದರೆ ಟ್ವಿನ್ ಟರ್ಬೊ ಅಂತ ಒಂದು ತಲೆಮಾರೇ ನಂಬಿತ್ತಲ್ಲ. 2019ರಲ್ಲಿ ಹೊಸ ಸುಪ್ರಾ ಬಂದಾಗ ಅದರಲ್ಲಿ ಇದ್ದದ್ದು ಬಿಎಂಡಬ್ಲ್ಯುವಿನ 3 ಲೀಟರ್, ಆರು ಸಿಲಿಂಡರ್, ಟ್ವಿನ್ ಸ್ಕ್ರೋಲ್‌ನ ಒಂದೇ ಟರ್ಬೊ! 340 ಅಶ್ವಶಕ್ತಿ. 1993ರ ಎರಡು ಟರ್ಬೊದ ಸುಪ್ರಾಗೆ ಜಪಾನಿನಲ್ಲಿ ಕಾಗದದ ಮೇಲೆ 280, ಹೊರದೇಶಕ್ಕೆ 320ರ ಆಸುಪಾಸು. ಲೀಟರ್ ಅಷ್ಟೇ, ಟರ್ಬೊ ಒಂದು ಕಡಿಮೆ, ಶಕ್ತಿ ಒಂದು ಕೈ ಮೇಲೆ, ಇಪ್ಪತ್ತು ಚಿಲ್ಲರೆ ಬಾಗಿಲು ಕೊಳವೆಗಳ ರಗಳೆಯೂ ಇಲ್ಲ.

ಹಾಗಾದರೆ ಎರಡು ಬೇಡವಾ?

ಬೇಡ ಅಂತಲ್ಲ. ವಿ6, ವಿ8ಗಳಿಗೆ ಎರಡು ಇದ್ದರೇ ಚೆನ್ನ. ಚಿಕ್ಕ ಡೀಸೆಲ್ ಇಂಜಿನ್ನಿನಿಂದ ದೊಡ್ಡದರ ಕೆಲಸ ತೆಗೆಯಬೇಕಾದರೂ ಎರಡು ಬೇಕಾಗಬಹುದು. ನಮ್ಮಲ್ಲೇ ಉದಾಹರಣೆ ಇದೆ. 2020ರಲ್ಲಿ ಭಾರತಕ್ಕೆ ಬಂದ ಎಂಜಿ ಗ್ಲಾಸ್ಟರ್‌ನ 2 ಲೀಟರ್ ಡೀಸೆಲ್ ಎರಡು ಟರ್ಬೊ ಇಟ್ಟುಕೊಂಡು 215ಕ್ಕಿಂತ ತುಸು ಹೆಚ್ಚು ಅಶ್ವಶಕ್ತಿ, 480 ನ್ಯೂಟನ್ ಮೀಟರ್ ಕೊಟ್ಟಿತು. 2021ರ ಫಾರ್ಚುನರ್‌ನ 2.8 ಲೀಟರ್ ಡೀಸೆಲ್ ಒಂದೇ ಟರ್ಬೊದಿಂದ ಆಟೊಮ್ಯಾಟಿಕ್ ಮಾದರಿಯಲ್ಲಿ 204 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಕೊಟ್ಟಿತು. ಒಬ್ಬರು ಇಂಜಿನ್ ದೊಡ್ಡದಿಟ್ಟು ಟರ್ಬೊ ಒಂದಿಟ್ಟರು, ಇನ್ನೊಬ್ಬರು ಇಂಜಿನ್ ಚಿಕ್ಕದಿಟ್ಟು ಟರ್ಬೊ ಎರಡಿಟ್ಟರು. ತಲುಪಿದ ಊರು ಹೆಚ್ಚುಕಮ್ಮಿ ಒಂದೇ, ಹಿಡಿದ ದಾರಿ ಬೇರೆ. ಇದರಲ್ಲಿ ಮೇಲು ಕೀಳು ಏನಿದೆ?

ಒಂದೇ ಟರ್ಬೊವನ್ನು ಜಾಣ ಮಾಡುವ ಉಪಾಯಗಳೂ ಬೇಕಾದಷ್ಟಿವೆ. ಟರ್ಬೈನಿನ ಸುತ್ತ ಕಿಟಕಿಯ ಪಟ್ಟಿಗಳ ಹಾಗೆ ತೆರೆದು ಮುಚ್ಚುವ ರೆಕ್ಕೆಗಳಿಟ್ಟು, ಹೊಗೆ ಕಡಿಮೆ ಇದ್ದಾಗ ಸಂದಿ ಕಿರಿದು ಮಾಡಿ ರಭಸ ಹೆಚ್ಚಿಸುವ ವೇರಿಯಬಲ್ ಟರ್ಬೊ ನಮ್ಮ ಎಷ್ಟೋ ಡೀಸೆಲ್ ಗಾಡಿಗಳಲ್ಲಿದೆ. ಆ ಫಾರ್ಚುನರ್‌ನದೂ ಅದೇ. ಪೆಟ್ರೋಲಿನ ಬಿಸಿಗೆ ಆ ರೆಕ್ಕೆಗಳು ತಾಳುತ್ತಿರಲಿಲ್ಲ, 2006ರ ಪೋರ್ಷೆ 911 ಟರ್ಬೊ ಅದನ್ನೂ ಮಾಡಿ ತೋರಿಸಿತು. 2022ರಲ್ಲಿ ಮರ್ಸಿಡಿಸ್-ಎಎಂಜಿ ಸಿ43 ಕಾರಿನ ಟರ್ಬೊ ಶಾಫ್ಟಿನ ಮೇಲೆ ಒಂದು ಪುಟ್ಟ ವಿದ್ಯುತ್ ಮೋಟಾರನ್ನೇ ಕೂರಿಸಿದರು. ಹೊಗೆ ಬರುವ ಮೊದಲೇ ಮೋಟಾರು ಚಕ್ರ ತಿರುಗಿಸಿರುತ್ತದೆ. ಲ್ಯಾಗ್ ಅನ್ನುವ ಮೂಲ ರೋಗಕ್ಕೇ ಮದ್ದು ಸಿಕ್ಕ ಮೇಲೆ ಎರಡನೇ ಟರ್ಬೊದ ಅಗತ್ಯ ಇನ್ನಷ್ಟು ಕಡಿಮೆಯಾಗುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಯಾರಾದರೂ "ಟ್ವಿನ್ ಟರ್ಬೊ" ಅಂದರೆ ಬೆರಗಾಗುವ ಮೊದಲು ಮೂರು ಪ್ರಶ್ನೆ ಕೇಳಿ. ಟರ್ಬೊ ನಿಜಕ್ಕೂ ಎರಡಿದೆಯಾ, ಅಥವಾ ಹೆಸರಿನಲ್ಲಿ ಮಾತ್ರವಾ? ಎರಡಿದ್ದರೆ ಅವು ಜೊತೆಗೆ ದುಡಿಯುತ್ತವೋ, ಸರದಿಯಲ್ಲೋ, ಒಂದರ ಬೆನ್ನಿಗೆ ಒಂದೋ? ಪೂರ್ತಿ ಟಾರ್ಕ್ ಎಷ್ಟು ಆರ್‌ಪಿಎಂಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಟರ್ಬೊ ಒಂದೋ ಎರಡೋ ನಾಲ್ಕೋ ಅನ್ನುವುದು ಅಷ್ಟು ಮುಖ್ಯವಾಗಿ ಉಳಿಯುವುದಿಲ್ಲ. ಹಳೆಯ ಗಾಡಿ ಕೊಳ್ಳುವುದಾದರೆ ನಾಲ್ಕನೆಯದು: ಏರು ರಸ್ತೆಯಲ್ಲಿ ಪೂರ್ತಿ ಒತ್ತಿ ನೋಡದೆ ದುಡ್ಡು ಕೊಡಬೇಡಿ.

ಟರ್ಬೊದ ಬಗ್ಗೆ ಮೆಕ್ಯಾನಿಕ್‌ಗಳು, ಲಾರಿ ಡ್ರೈವರ್‌ಗಳು ತಮ್ಮದೇ ಕನ್ನಡದಲ್ಲಿ ಬಳಸುವ ಪದಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಸರದಿಯ ಜೋಡಿ, ಎರಡು ಹಂತದ್ದು ಅಂತೆಲ್ಲ ನಾನು ಕೂತಲ್ಲೇ ಹೊಸೆದದ್ದು. ಗ್ಯಾರೇಜಿನಲ್ಲಿ ಹುಟ್ಟಿದ ಪದಗಳು ಇದಕ್ಕಿಂತ ಖಂಡಿತ ಚೆನ್ನಾಗಿರುತ್ತವೆ. ಎರಡು ಟರ್ಬೊದ ಗಾಡಿ ಓಡಿಸಿದವರು ಇದ್ದರೆ ನಿಮ್ಮ ಅನುಭವವನ್ನೂ ಹೇಳಿ. ನನ್ನ ವಾದ ಒಪ್ಪದವರು ಜಗಳಕ್ಕೆ ಬನ್ನಿ, ಸಿದ್ಧನಾಗಿದ್ದೇನೆ :-)